ಒಂಬತ್ತು ದಿನದ ತವರು

ಹಲಗೆಯ ಸದ್ದು ಏರುತ್ತದೆ. ಹದ ಮಾಡಿದ ಕೆಮ್ಮಣ್ಣಿನ ಕಣದಲ್ಲಿ ಜಟ್ಟಿಗಳಿಬ್ಬರು ಹಿಡಿಮಣ್ಣನ್ನೆತ್ತಿ ಮೈಗೆ ಸವರಿಕೊಂಡು, ಕೈ ಮುಟ್ಟಿಸಿ, ಸೆಣಸಿಗೆ ತೊಡಗುತ್ತಾರೆ. ಸುತ್ತಲೂ ಕಿಕ್ಕಿರಿದ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿತೋ, ಕಣವೆಲ್ಲ ಸಿಳ್ಳು, ಕೇಕೆ! ಅಡಿಕೆಯ ತೋಟಗಳ ನಡುವೆ ತನ್ನ ಪಾಡಿಗೆ ತಾನಿರುವ ಸಾಗರ ಪಟ್ಟಣವು ಮೂರು ವರ್ಷಕ್ಕೊಮ್ಮೆ, ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ, ಹೀಗೆ ಮಲೆನಾಡಿಗೆಲ್ಲ ಕುಸ್ತಿಯ ಕಣವಾಗುತ್ತದೆ.

ಆದರೆ ಕುಸ್ತಿಗೆಂದು ಬಂದವರು ಕುಸ್ತಿಯೊಂದನ್ನೇ ನೋಡಿ ಹಿಂದಿರುಗುವುದಿಲ್ಲ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯ ತೀರ್ಥಸ್ನಾನ ಮಾಡಿ, ತುಂಗೆಯ ಮೇಲಿನ ತೆಪ್ಪೋತ್ಸವವನ್ನು ಕಣ್ತುಂಬ ಕಂಡವರೂ, ಹೊಸನಗರದ ಕಡೆಯ ಕೃಷಿಕರೂ ಸಂಸಾರಸಮೇತರಾಗಿ ಇಲ್ಲಿಗೆ ಬಸ್ಸಿಳಿಯುತ್ತಾರೆ. ಗಂಡುಮಕ್ಕಳು ಕಣದ ಕಡೆಗೆ ನಡೆದರೆ, ಹೆಂಗಸರು ಮಕ್ಕಳ ಕೈಹಿಡಿದು ಮಳಿಗೆಗಳ ಸಾಲಿನತ್ತ ತಿರುಗುತ್ತಾರೆ.

ಜಾತ್ರೆಯು ಮಂಗಳವಾರ ಆರಂಭವಾಗಿ ಒಂಬತ್ತನೆಯ ದಿನವಾದ ಬುಧವಾರ ಮುಗಿಯುವುದು. 2023ರಲ್ಲಿ ಅದು ಫೆಬ್ರವರಿ 7ರಿಂದ 15ರವರೆಗೆ ನಡೆಯಿತು. ಊರಿನಲ್ಲಿ ದೇವಿಗೆ ಎರಡು ಗುಡಿಗಳು. ಒಂದು ತವರುಮನೆ, ಇನ್ನೊಂದು ಗಂಡನ ಮನೆ. ಮೊದಲ ದಿನ ತವರಿನಲ್ಲಿ ಮದುವಣಗಿತ್ತಿಯಾಗಿ ಉಡಿ ತುಂಬಿಸಿಕೊಂಡ ತಾಯಿ ಅಂದಿನ ರಾತ್ರಿಯೇ ಮೆರವಣಿಗೆಯಲ್ಲಿ ಗಂಡನ ಮನೆಗೆ ಹೊರಡುತ್ತಾಳೆ. ದೇವಿಯೇ ತವರಿಗೆ ಬಂದಿರುವಾಗ ಮನೆಯ ಹೆಣ್ಣುಮಕ್ಕಳನ್ನು ಕರೆಸದಿರುವುದುಂಟೆ? ಕೊಟ್ಟ ಹೆಣ್ಣುಮಕ್ಕಳೂ ಅಳಿಯಂದಿರೂ ಬಂದಿಳಿದು, ಸಾಗರದ ಮನೆಮನೆಯೂ ತುಂಬಿಹೋಗುತ್ತದೆ.

ಮಳಿಗೆಗಳ ಸಾಲಿನಲ್ಲಿ ಬಳೆ, ಬತ್ತಾಸು, ಬೆಂಡುಗಳದೇ ರಾಜ್ಯವಾದರೂ, ತುಸು ನಿಧಾನಿಸಿ ನೋಡುವವರಿಗೆ ಈ ನಾಡಿನ ಕಲೆಯೂ ಎದುರಾಗುತ್ತದೆ. ಸಾಗರ, ಸೊರಬಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಅಂಗೈಯಗಲದ ಕೊರಡಿನಲ್ಲಿ ಬಳ್ಳಿ, ಹಂಸ, ದೇವತೆಗಳನ್ನೆಲ್ಲ ಅಡಗಿಸಿಡಬಲ್ಲ ಕೈ ಅವರದು. ಇನ್ನೊಂದು ಕಡೆಯಿಂದ ಯಕ್ಷಗಾನದ ಚಂಡೆ ಕರೆಯುತ್ತದೆ. ಇವೆರಡರ ನಡುವೆ, ಸದ್ದುಗದ್ದಲವಿಲ್ಲದೆ, ಕಾಗದದ ಮೇಲೂ ಬಟ್ಟೆಯ ಮೇಲೂ ಬರೆದ ಕೆಲವು ಚಿತ್ರಗಳು ತೂಗಾಡುತ್ತಿರುತ್ತವೆ. ಅದೇ ಹಸೆ ಚಿತ್ತಾರ.

ದೀವರ ಹೆಣ್ಣುಮಕ್ಕಳ ಈ ಕಲೆ ಹುಟ್ಟಿದ್ದು ಮಾರಾಟಕ್ಕಾಗಿ ಅಲ್ಲ. ಮದುವೆಯ ಮನೆಯಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಎಳೆಯೆಳೆಯಾಗಿ ಅದನ್ನು ಬರೆಯುತ್ತಿದ್ದರು. ಅಕ್ಕಿಯ ಹಿಟ್ಟಿನಿಂದ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಕೆಂಪಂತೂ ಮಣ್ಣಿನದೇ. ಅದರ ಮುಂದೆ ವಧೂವರರನ್ನು ಹಸೆಗೆ ಕೂರಿಸುತ್ತಿದ್ದರು. ಭೂಮಿ ಹುಣ್ಣಿಮೆಯಂದು ಹೊಲಕ್ಕೆ ಚರುಗ ಒಯ್ಯುವ ಬುಟ್ಟಿಗೂ ಇದೇ ಅಲಂಕಾರ. ತಾಯಿ ಬರೆಯುವಾಗ ಪಕ್ಕದಲ್ಲಿ ಕುಳಿತು ನೋಡಿದ ಮಗಳು ಕಲಿತಳು. ಅವಳಿಂದ ಅವಳ ಮಗಳು. ಪಾಠಶಾಲೆಯಿಲ್ಲ, ಪುಸ್ತಕವಿಲ್ಲ. ಗೋಡೆಯೇ ಹಲಗೆ.

ಆ ಗೋಡೆಗಳಲ್ಲಿ ಎಷ್ಟೋ ಇಂದು ನೀರಿನಡಿಯಲ್ಲಿವೆ. 1964ರಲ್ಲಿ ಶರಾವತಿಗೆ ಅಡ್ಡವಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಹಳ್ಳಿಗಳು ಮುಳುಗಿದವು. ಅದಕ್ಕೂ ಮೊದಲು, 1948ರಲ್ಲಿ ಜೋಗದ ವಿದ್ಯುತ್ತಿಗಾಗಿ ಬಳಕೆಗೆ ಬಂದ ಹಿರೇಭಾಸ್ಕರ ಅಣೆಕಟ್ಟನ್ನೇ ಈ ಹಿನ್ನೀರು ನುಂಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಮಾತ್ರ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಅಣೆಕಟ್ಟನ್ನೇ ಬಿಡದ ನೀರು ಮಣ್ಣಿನ ಗೋಡೆಯನ್ನು ಉಳಿಸೀತೆ? ನಾಡಿಗೆ ಬೆಳಕಾಯಿತು, ಆ ಮನೆಗಳವರು ಗಂಟುಮೂಟೆ ಕಟ್ಟಿ ಕಾಣದ ಕಾಡುಗಳಲ್ಲಿ ಹೊಸದಾಗಿ ಬದುಕು ಹೂಡಬೇಕಾಯಿತು. ಮಕ್ಕಳಿಗೆ ತೋರಿಸಲು ಹುಟ್ಟೂರಿಲ್ಲದ ಎಷ್ಟೋ ಹಿರಿಯರಿಗೆ ಸಾಗರದ ಈ ಜಾತ್ರೆಯೇ ಊರು, ಈ ಒಂಬತ್ತು ದಿನಗಳೇ ತವರು.

ಹಿನ್ನೀರಿನಾಚೆಯ ತುಮರಿ, ಸಿಗಂದೂರು ಕಡೆಯವರ ಪಾಡೇ ಬೇರೆ. ಅವರು ಊರು ಬಿಡಲಿಲ್ಲ. ನೀರೇ ನಡುವೆ ಬಂದು ಅವರನ್ನು ಪೇಟೆಯಿಂದ ದೂರ ಮಾಡಿತು. ಅರ್ಧ ಶತಮಾನಕ್ಕೂ ಮೀರಿ ಅವರು ಸಾಗರಕ್ಕೆ ಬರಲು ನೆಚ್ಚಿದ್ದು ಲಾಂಚನ್ನು. ಕುಸ್ತಿಯ ಕೊನೆಯ ಜೋಡಿ ಕಣಕ್ಕಿಳಿಯುವ ಹೊತ್ತಿಗೆ, ಚಂಡೆಯ ಮೊದಲ ಪೆಟ್ಟು ಬೀಳುವ ಮೊದಲೇ, ಸಂಜೆಯ ಕೊನೆಯ ಲಾಂಚು ತಪ್ಪೀತೆಂದು ಮಕ್ಕಳನ್ನು ಎಳೆದುಕೊಂಡು ಓಡಬೇಕಾಗಿತ್ತು. ಇಲ್ಲವೇ ನಂಟರ ಮನೆಯ ಜಗಲಿಯೇ ಗತಿ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆಯಿತು. ಆಚೆ ದಡದ ಮಗುವೂ ಇನ್ನು ಆಟವನ್ನು ಕೊನೆಯವರೆಗೆ ನೋಡಿ, ನಿದ್ದೆಗಣ್ಣಿನಲ್ಲಿ ಮನೆ ಸೇರಬಹುದು.

ಕೆರೆಯೊಂದರಿಂದ ಹೆಸರು ಪಡೆದ ಊರು ಸಾಗರ. ಕೆಳದಿಯ ಸದಾಶಿವ ನಾಯಕನ ಹೆಸರಿನ ಸದಾಶಿವಸಾಗರವೇ ಇಂದಿನ ಗಣಪತಿ ಕೆರೆ. ನೀರಿನಿಂದ ಹೆಸರಾದ ಊರು ನೀರಿನಿಂದ ಮನೆ ಕಳೆದುಕೊಂಡವರನ್ನು ಮೂರು ವರ್ಷಕ್ಕೊಮ್ಮೆ ಕರೆದು ಕೂರಿಸಿಕೊಳ್ಳುತ್ತದೆ.

ಒಂಬತ್ತನೆಯ ದಿನ ದೇವಿಯನ್ನು ವನಕ್ಕೆ ಬಿಟ್ಟು ಬಂದ ಬಳಿಕ ಪೇಟೆ ಬರಿದಾಗುತ್ತದೆ. ಕಣದ ಮಣ್ಣನ್ನು ಬಾಚುತ್ತಾರೆ; ಮಳಿಗೆಗಳ ಗಳು ಇಳಿಯುತ್ತವೆ. ಗೋಡೆಯಿಂದ ಕಾಗದಕ್ಕೆ ಇಳಿದ ಚಿತ್ತಾರವು ಕಲೆಯೆ, ಬರಿಯ ಸರಕೆ ಎಂದು ಪಂಡಿತರು ಚರ್ಚಿಸಲಿ. ಗೋಡೆಯನ್ನು ಹೊತ್ತು ತರಲಾಗದೆ ಬಂದವರಿಗೆ ಕಾಗದವಾದರೂ ಸುರುಳಿ ಸುತ್ತಿ ಒಯ್ಯಲು ಬರುತ್ತದೆ. ಮನೆಯಲ್ಲಿ ಮುಂದಿನ ಮದುವೆಯಾದಾಗ, ಸಿಮೆಂಟಿನ ಗೋಡೆಗೆ ಅದನ್ನು ತೂಗುಹಾಕಿ, ಮೊಮ್ಮಗಳನ್ನು ಅದರ ಮುಂದೆ ಹಸೆಗೆ ಕೂರಿಸಬಹುದು.