ವಿನಾಯಿತಿಯ ಬಾಗಿಲು

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಮನೆಯ ವಸ್ತುವಿನ ಬೆಲೆ ಮನೆಯವರಿಗೆ ತಿಳಿಯದೆಂಬುದು ಅದರ ತಾತ್ಪರ್ಯ. ಈ ಮನೋಭಾವವನ್ನು ತಿದ್ದಲೆಂಬಂತೆ ಕೇಂದ್ರ ಸರ್ಕಾರವು ೨೦೧೭ನೆಯ ಇಸವಿ ಜೂನ್ ೧೫ರಂದು ಒಂದು ಆಜ್ಞೆಯನ್ನು ಹೊರಡಿಸಿತು. ಸರ್ಕಾರಿ ಖರೀದಿಯಲ್ಲಿ ದೇಶದಲ್ಲಿ ತಯಾರಾದ ಪದಾರ್ಥಕ್ಕೆ ಮೊದಲ ಮಣೆ ಎಂಬುದು ಅದರ ಸಾರ. ೨೦೨೦ರ ತಿದ್ದುಪಡಿಯಂತೆ, ಪದಾರ್ಥದ ಮೌಲ್ಯದಲ್ಲಿ ನೂರಕ್ಕೆ ೫೦ ಭಾಗವಾದರೂ ಸ್ವದೇಶದ್ದಾದರೆ ಮಾರುವವನಿಗೆ ಮೊದಲನೆಯ ದರ್ಜೆ. ೨೦೦ ಕೋಟಿ ರೂಪಾಯಿಗಳೊಳಗಿನ ಖರೀದಿಗೆ ವಿಶೇಷ ಅನುಮತಿಯಿಲ್ಲದೆ ಜಾಗತಿಕ ಟೆಂಡರು ಕರೆಯುವಂತಿಲ್ಲ.

ಆದರೆ ಬೇಕಾದ ಪದಾರ್ಥವು ದೇಶದಲ್ಲಿ ಸಿಕ್ಕದಿದ್ದರೆ ಗತಿಯೇನು? ಆಜ್ಞೆಯಲ್ಲಿಯೇ ದಾರಿಯಿದೆ. ಇಲಾಖೆಯು ಸಚಿವರ ಒಪ್ಪಿಗೆ ಪಡೆದು, ಕಾರಣವನ್ನು ಬರಹದಲ್ಲಿ ದಾಖಲಿಸಿ, ವಿನಾಯಿತಿ ಕೊಡಬಹುದು. ಕೆಲವು ಮಿತ್ರರು ಇದನ್ನು ಸ್ವದೇಶಿ ವ್ರತದ ಭಂಗವೆನ್ನುತ್ತಾರೆ. ನನಗೆ ಹಾಗೆ ತೋರದು. ಬಣಕಲ್ಲಿನ ನಮ್ಮ ಮನೆಯಲ್ಲಿ ಕಾಫಿ, ಮೆಣಸು, ಬಾಳೆ, ಹಲಸು ಎಲ್ಲವೂ ತೋಟದ್ದೇ. ತೋಟದಲ್ಲಿರುವುದನ್ನು ಅಂಗಡಿಯಿಂದ ತಂದರೆ ತಾಯಿಯವರು ಸುಮ್ಮನಿರರು. ಆದರೆ ಉಪ್ಪು ಮಲೆನಾಡಿನಲ್ಲಿ ಬೆಳೆಯದು. ಅದು ಸಮುದ್ರದ ಕಡೆಯಿಂದಲೇ ಬರಬೇಕು. ಉಪ್ಪು ಕೊಂಡ ಮಾತ್ರಕ್ಕೆ ಮನೆಯ ಮಾನ ಹೋಗುವುದಿಲ್ಲ.

ನನ್ನನ್ನು ಕಾಡುವ ಸಂಗತಿ ಬೇರೆ. ವಿನಾಯಿತಿಯು ಬಾಗಿಲನ್ನು ತೆರೆಯುತ್ತದೆ. ಹೊರಗೆ ಅಂಗಡಿಯಿದೆಯೆಂಬ ಭರವಸೆಯನ್ನು ಕೊಡುವುದಿಲ್ಲ. ೨೦೨೧ರ ಮೇ ತಿಂಗಳಲ್ಲಿ ಕೋವಿಡ್ ಲಸಿಕೆ ಸಾಲದೆ ಬಂದಾಗ ನಮ್ಮ ರಾಜ್ಯ ಸರ್ಕಾರವೂ ೨ ಕೋಟಿ ಡೋಸುಗಳಿಗೆ ಜಾಗತಿಕ ಟೆಂಡರು ಕರೆಯಿತು. ಬಾಗಿಲು ತೆರೆದರೂ ಆ ದಾರಿಯಿಂದ ಲಸಿಕೆ ಬರಲಿಲ್ಲ.

ಆ ಲಸಿಕೆಯಾದರೋ ಲೋಕದಲ್ಲಿ ಇತ್ತು. ಮಂಗನ ಕಾಯಿಲೆಯ ಮಾತು ಇನ್ನೂ ಕಠಿನವಾದುದು. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗವು ಉಣುಗಿನ ಕಡಿತದಿಂದ ಹತ್ತುತ್ತದೆ. ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರಗಳ ಕಡೆಗೂ ಬಂದಿದೆ. ಇದ್ದೊಂದು ಲಸಿಕೆಯ ಶಕ್ತಿ ಸಾಲದೆಂದು ೨೦೨೨ರಲ್ಲಿ ಅದನ್ನು ಕೊಡುವುದು ನಿಂತಿತು. ಹೊರದೇಶದಿಂದ ತರಿಸೋಣವೆಂದರೆ, ತಮ್ಮಲ್ಲಿಲ್ಲದ ರೋಗಕ್ಕೆ ಅವರೇಕೆ ಲಸಿಕೆ ಮಾಡಿಯಾರು? ಎಷ್ಟು ವಿನಾಯಿತಿ ಕೊಟ್ಟರೂ ಕೊಳ್ಳಲು ಪದಾರ್ಥವೇ ಇಲ್ಲ. ನಮ್ಮೂರಿನವರೂ ಸೌದೆಗೆ, ಸೊಪ್ಪಿಗೆ ಕಾಡು ಹೊಗುವವರೇ. ಆದುದರಿಂದ ಇದು ನನಗೆ ಪರರ ಮಾತಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿರುವುದು ಸಮಾಧಾನದ ವಿಷಯ.

ಮುಂದೆ ಕಚೇರಿಗಳಲ್ಲಿ ಕುಳಿತು ಕಡತ ಬರೆಯುವವರು ಬಹುಮಟ್ಟಿಗೆ ನಮ್ಮಂತಹ ಕಲಾ ವಿದ್ಯಾರ್ಥಿಗಳೇ. “ಈ ಪದಾರ್ಥ ದೇಶದಲ್ಲಿ ದೊರೆಯುವುದಿಲ್ಲ” ಎಂದು ಒಂದು ಸಾಲು ಬರೆದು ರುಜು ಹಾಕಿದರೆ ಅಂದಿನ ಕೆಲಸ ಮುಗಿದೀತು. ಆದರೆ ಆ ಸಾಲು ಕಡತದಲ್ಲಿಯೇ ಮಲಗಿದರೆ ಮುಂದಿನ ವರ್ಷವೂ ಅದನ್ನೇ ಬರೆಯಬೇಕಾಗುವುದು. ಅದು ಪ್ರಯೋಗಶಾಲೆಗೂ ಕಾರ್ಖಾನೆಗೂ ತಲುಪಿ, ಅಲ್ಲಿ ಒಬ್ಬನಾದರೂ “ಹಾಗಾದರೆ ನಾವೇ ಮಾಡೋಣ” ಎಂದು ಎದ್ದರೆ ಮಾತ್ರ ವಿನಾಯಿತಿ ಸಾರ್ಥಕ. ಹಿತ್ತಲಿನ ರೋಗಕ್ಕೆ ಮದ್ದಿನ ಗಿಡವನ್ನು ಹಿತ್ತಲಲ್ಲೇ ನೆಡಬೇಕು.