ವಾಣಿಗೊಂದು ಮನೆ

ಗಂಧಕ್ಕೆ ಪೃಥ್ವಿಯು ಹೇಗೆ ಆಶ್ರಯವೋ ಶಬ್ದಕ್ಕೆ ಆಕಾಶವು ಹಾಗೆಯೇ ಆಶ್ರಯವೆಂದು ನಮ್ಮ ತಾರ್ಕಿಕರು ಹೇಳುವರು. ಆಕಾಶಕ್ಕೆ ಗೋಡೆಯಿಲ್ಲ, ಬಾಗಿಲಿಲ್ಲ, ಎಲ್ಲೆಯೂ ಇಲ್ಲ. ಹೀಗಿರಲು, ಅಂತಹ ಶಬ್ದಕ್ಕೆಂದೇ ಕಲ್ಲುಗಾರೆಗಳಿಂದ ಒಂದು ಮನೆಯನ್ನು ಕಟ್ಟಬೇಕಾದುದೇಕೆ? ಲಂಡನ್ ನಗರದ ಪೋರ್ಟ್‌ಲೆಂಡ್ ಪ್ಲೇಸ್ ಎಂಬ ಬೀದಿಯಲ್ಲಿರುವ ಬ್ರಾಡ್‌ಕಾಸ್ಟಿಂಗ್ ಹೌಸ್ ಎಂಬ ಭವನದ ಮುಂದೆ ನಿಂತಾಗ ನನ್ನ ಮನಸ್ಸಿಗೆ ಬಂದ ಪ್ರಶ್ನೆಯಿದು. ನಿವೃತ್ತನಾದ ಬಳಿಕ ಮಗಳ ಸಂಸಾರವನ್ನು ನೋಡಿ ಬರಲು ಆ ದೇಶಕ್ಕೆ ಹೋಗಿದ್ದೆನು. ಅಲ್ಲಿ ನೋಡಬೇಕಾದ ಅರಮನೆಗಳೂ ಸೇತುವೆಗಳೂ ಎಷ್ಟೋ ಉಂಟು. ಆದರೂ ನನ್ನ ನೆನಪಿನಲ್ಲಿ ನೆಲೆನಿಂತುದು ಈ ಒಂದು ಕಟ್ಟಡವೇ.

ಬಿ.ಬಿ.ಸಿ. ಎಂದು ಲೋಕವೆಲ್ಲ ಬಲ್ಲ ಪ್ರಸಾರಸಂಸ್ಥೆಯು ೧೯೨೨ರಲ್ಲಿ ಒಂದು ವ್ಯಾಪಾರ ಮಂಡಲಿಯಾಗಿ ಹುಟ್ಟಿತು. ಮರುವರ್ಷದಿಂದ ಥೇಮ್ಸ್ ನದಿಯ ಸಮೀಪದ ಸೆವಾಯ್ ಹಿಲ್ ಎಂಬಲ್ಲಿ ಅದರ ವಾಸ. ೧೯೨೭ರಲ್ಲಿ ರಾಜಶಾಸನವನ್ನು ಪಡೆದು ಅದು ಸಾರ್ವಜನಿಕ ಸಂಸ್ಥೆಯಾಯಿತು. ಕೆಲಸವು ಬೆಳೆದಂತೆ ಹಳೆಯ ಸ್ಥಳವು ಸಾಲದಾಗಲು, ೧೯೨೮ರಲ್ಲಿ ಹೊಸ ಭವನದ ಕಾರ್ಯವು ಮೊದಲಾಯಿತು. ಜಾರ್ಜ್ ವ್ಯಾಲ್ ಮೈಯರ್ ಎಂಬವನು ಅದರ ಶಿಲ್ಪಿ. ೧೯೩೨ರ ಮಾರ್ಚ್ ೧೫ರಂದು ಅಲ್ಲಿಂದ ಮೊದಲನೆಯ ಪ್ರಸಾರವು ನಡೆಯಿತು. ಮೇ ತಿಂಗಳಿನಲ್ಲಿ ಸಂಸ್ಥೆಯೆಲ್ಲವೂ ಅಲ್ಲಿಗೆ ಬಂದು ಸೇರಿತು.

ಭೂಮಿಯ ಮೇಲೆ ಎಂಟು ಅಂತಸ್ತು, ಕೆಳಗೆ ಮೂರು. ಬೆಳ್ಳನೆಯ ಪೋರ್ಟ್‌ಲೆಂಡ್ ಶಿಲೆಯ ಹೊದಿಕೆ. ಬೀದಿಯ ತಿರುವನ್ನೇ ಅನುಸರಿಸಿ ಬಾಗಿರುವ ಅದರ ಮುಖವನ್ನು ದೂರದಿಂದ ನೋಡಿದರೆ ನಗರದ ನಡುವೆ ಹಡಗೊಂದು ಬಂದು ನಿಂತಂತೆ ತೋರುವುದು. ಆದರೆ ಮೊದಲು ಕಟ್ಟಿದಾಗ ಪೂರ್ವದ ಕಡೆ ಮೇಲಿನ ಅಂತಸ್ತುಗಳು ಇಳಿಜಾರಾಗಿ ಹಿಂದಕ್ಕೆ ಸರಿದಿದ್ದುವು. ಇದು ಅಲಂಕಾರಕ್ಕಾಗಿ ಮಾಡಿದುದಲ್ಲ. ನೆರೆಮನೆಯವರ ಕಿಟಕಿಗೆ ಬಹುಕಾಲದಿಂದ ಬೀಳುತ್ತಿದ್ದ ಬೆಳಕನ್ನು ಹೊಸ ಕಟ್ಟಡವು ತಡೆಯಬಾರದೆಂಬುದು ಆ ದೇಶದ ನ್ಯಾಯ. ಲೋಕಕ್ಕೆಲ್ಲ ಮಾತನಾಡಹೊರಟ ಸಂಸ್ಥೆಯು ಪಕ್ಕದ ಮನೆಯ ಬಿಸಿಲಿಗಾಗಿ ತನ್ನ ಭುಜವನ್ನು ಕುಗ್ಗಿಸಬೇಕಾಯಿತು.

ಕಟ್ಟಡದ ಮರ್ಮವಿರುವುದು ಒಳಗೆ. ಮಾತೂ ಸಂಗೀತವೂ ಹುಟ್ಟುವ ಕೊಠಡಿಗೆ ಹೊರಗಿನ ಗದ್ದಲವು ನುಗ್ಗಬಾರದು. ಒಂದು ಕೊಠಡಿಯ ಗಾನವು ಇನ್ನೊಂದರ ವಾರ್ತೆಗೆ ಬೆರೆಯಲೂ ಬಾರದು. ಇದಕ್ಕೆ ಅವರು ಕಂಡುಕೊಂಡ ಉಪಾಯವು ನಮ್ಮ ದೇವಾಲಯಗಳನ್ನು ಕಂಡವರಿಗೆ ಹೊಸತಲ್ಲ. ನಡುವೆ ದಪ್ಪನೆಯ ಇಟ್ಟಿಗೆಯ ಗೋಪುರ. ಅದರಲ್ಲಿ ಇಪ್ಪತ್ತೆರಡು ಪ್ರಸಾರದ ಕೊಠಡಿಗಳು, ಅಂದರೆ ಸ್ಟುಡಿಯೋಗಳು. ಸುತ್ತಲೂ ಪ್ರಾಕಾರದಂತೆ ಕಚೇರಿಗಳ ಸಾಲು. ಬೀದಿಯ ಸದ್ದನ್ನೂ ಬಿಸಿಲನ್ನೂ ಕಚೇರಿಗಳು ತಾವು ತೆಗೆದುಕೊಂಡು, ಗರ್ಭಗೃಹಕ್ಕೆ ನಿಶ್ಶಬ್ದವನ್ನು ಉಳಿಸಿಕೊಡುವುವು. ಕಿಟಕಿಗಳಿಲ್ಲದ ಆ ಗೋಪುರಕ್ಕೆ ಯಂತ್ರದ ಮೂಲಕ ಗಾಳಿಯನ್ನು ಒದಗಿಸಬೇಕಾಯಿತು. ಇಷ್ಟಾದರೂ ನೆಲದಡಿಯಲ್ಲಿ ಓಡುವ ರೈಲಿನ ಗುಡುಗು ಕೆಳಗಿನ ಸಂಗೀತಶಾಲೆಗೆ ಆಗಾಗ ಕೇಳಿಬರುತ್ತಿದ್ದಿತಂತೆ. ಮನುಷ್ಯನು ಎಷ್ಟು ಕಟ್ಟಿದರೂ ಪೂರ್ಣಮೌನವು ಅವನಿಗೆ ದೊರೆಯದು.

ಮಾತಿನ ಮನೆಯೆಂಬುದು ನಿಜವಾಗಿ ಮೌನದ ಮನೆ. ಉಪಾಧ್ಯಾಯನಾಗಿದ್ದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸುಗಳು ಬಂದು ನಿಲ್ಲುವ ಬೀದಿಯ ಪಕ್ಕದ ಕೊಠಡಿಯಲ್ಲಿ ಹಲವು ವರ್ಷ ಶಬ್ದರೂಪಗಳನ್ನು ಹೇಳಿಕೊಟ್ಟವನು ನಾನು. ಗದ್ದಲದ ಮೇಲೆ ಗಂಟಲೆತ್ತಿ ಹೇಳಿದ ಪಾಠವು ಯಾವ ಹುಡುಗನ ತಲೆಯಲ್ಲಿಯೂ ನಿಲ್ಲುತ್ತಿರಲಿಲ್ಲ. ಸದ್ದಡಗುವವರೆಗೆ ಕಾದು ಮೆಲ್ಲನೆ ಹೇಳಿದುದು ನಿಲ್ಲುತ್ತಿತ್ತು.

ಭವನದ ಪ್ರವೇಶಮಂಟಪದಲ್ಲಿ ಲ್ಯಾಟಿನ್ ಭಾಷೆಯ ಶಾಸನವೊಂದುಂಟು. ಈ ಮಂದಿರವನ್ನು ಭಗವಂತನಿಗೆ ಅರ್ಪಿಸಿದೆ. ಇಲ್ಲಿ ಬಿತ್ತಿದ ಒಳ್ಳೆಯ ಬೀಜವು ಒಳ್ಳೆಯ ಫಲವನ್ನು ಕೊಡಲಿ. ಶಾಂತಿಗೂ ಶುದ್ಧಿಗೂ ವಿರೋಧವಾದುದೆಲ್ಲವೂ ಈ ಮನೆಯಿಂದ ದೂರವಾಗಲಿ ಎಂಬುದು ಅದರ ಭಾವ. ಅಲ್ಲಿಯೇ ಬೀಜವನ್ನು ಎರಚುತ್ತಿರುವ ಬಿತ್ತುವವನೊಬ್ಬನ ಪ್ರತಿಮೆಯಿದೆ. ಇಂಗ್ಲಿಷಿನಲ್ಲಿ ಪ್ರಸಾರಕ್ಕೆ ಬಳಸುವ ಪದಕ್ಕೆ ಮೂಲದಲ್ಲಿ ಬೀಜವನ್ನು ಕೈಯಿಂದ ಹರಡಿ ಬಿತ್ತುವುದೆಂಬುದೇ ಅರ್ಥ. ನಮ್ಮ ‘ಬಿತ್ತರಿಸು’ ಎಂಬುದು ಸಂಸ್ಕೃತದ ‘ವಿಸ್ತರ’ದ ತದ್ಭವದಿಂದ ಬಂದುದು, ‘ಬಿತ್ತು’ ಧಾತುವಿನಿಂದಲ್ಲ. ಆದರೂ ಕಿವಿಗೆ ಎರಡೂ ಒಂದೇ ಹೊಲದಲ್ಲಿ ನಿಂತಂತೆ ಕೇಳಿಸುವುವು.

ಈ ಪ್ರತಿಮೆಯನ್ನು ಕಡೆದವನು ಎರಿಕ್ ಗಿಲ್ ಎಂಬ ಶಿಲ್ಪಿ. ಹೊರಬಾಗಿಲಿನ ಮೇಲೆ, ಷೇಕ್ಸ್‌ಪಿಯರನ ನಾಟಕದ ಪ್ರಾಸ್ಪೆರೋ ಎಂಬ ಮಂತ್ರಜ್ಞನನ್ನೂ ಅವನ ಆಜ್ಞಾಧಾರಕನಾದ ಏರಿಯಲ್ ಎಂಬ ವಾಯುರೂಪಿಯನ್ನೂ ಕಡೆದವನು ಅವನೇ. ಅವನು ಸತ್ತು ಬಹುಕಾಲದ ಮೇಲೆ, ೧೯೮೯ರಲ್ಲಿ ಪ್ರಕಟವಾದ ಜೀವನಚರಿತ್ರೆಯಿಂದ, ಅವನು ತನ್ನ ಹೆಣ್ಣುಮಕ್ಕಳ ವಿಷಯದಲ್ಲಿಯೇ ಘೋರ ಪಾತಕವನ್ನು ಎಸಗಿದ್ದನೆಂದು ಲೋಕಕ್ಕೆ ತಿಳಿಯಬಂದಿತು. ೨೦೨೨ರಲ್ಲಿ ಒಮ್ಮೆ, ೨೦೨೩ರಲ್ಲಿ ಇನ್ನೊಮ್ಮೆ ಆ ಹೊರಗಿನ ಪ್ರತಿಮೆಯು ಸುತ್ತಿಗೆಯ ಪೆಟ್ಟನ್ನು ತಿಂದಿತು. ೨೦೨೫ರಲ್ಲಿ ಅದನ್ನು ಸರಿಪಡಿಸಿ ಮುಂದೆ ರಕ್ಷಣೆಯ ತೆರೆಯನ್ನು ಇರಿಸಿದರು. ಇಡಬೇಕೋ ತೆಗೆಯಬೇಕೋ ಎಂಬುದನ್ನು ಆ ದೇಶದವರು ನಿರ್ಣಯಿಸಲಿ. ಶುದ್ಧಿಯನ್ನು ಬೇಡುವ ಶಾಸನವನ್ನು ಕೆತ್ತಿದಮಾತ್ರಕ್ಕೆ ಮನೆಯು ಶುದ್ಧವಾಗುವುದಿಲ್ಲವೆಂಬುದು ಮಾತ್ರ ಅದನ್ನು ನೋಡಿದವನಿಗೆ ಮನದಟ್ಟಾಗುವುದು. ಶುದ್ಧಿಯನ್ನು ಮನೆಯೊಳಗಿನವರು ದಿನದಿನವೂ ನಡೆದು ತೋರಿಸಬೇಕು.

ಹಾಗೆ ನಡೆದು ತೋರಿಸಿದ ರಾತ್ರಿಯೊಂದು ಆ ಮನೆಯ ಚರಿತ್ರೆಯಲ್ಲಿ ಇದೆ. ೧೯೪೦ರ ಅಕ್ಟೋಬರ್ ೧೫. ಜರ್ಮನ್ ವಿಮಾನದಿಂದ ಬಿದ್ದ ಬಾಂಬೊಂದು ಏಳನೆಯ ಅಂತಸ್ತಿನ ಕಿಟಕಿಯನ್ನು ಹೊಕ್ಕು, ಐದನೆಯ ಅಂತಸ್ತಿನಲ್ಲಿದ್ದ ಸಂಗೀತದ ಪುಸ್ತಕಭಂಡಾರದಲ್ಲಿ ಸಿಡಿಯದೆ ಬಿದ್ದುಕೊಂಡಿತು. ರಾತ್ರಿ ಒಂಬತ್ತು ಗಂಟೆಯ ವಾರ್ತೆಯನ್ನು ಬ್ರೂಸ್ ಬೆಲ್‌ಫ್ರೇಜ್ ಎಂಬವನು ನೆಲಮಾಳಿಗೆಯಲ್ಲಿ ಕುಳಿತು ಓದುತ್ತಿದ್ದಾಗ ಅದು ಸಿಡಿಯಿತು. ಸಂಸ್ಥೆಯ ಏಳು ಮಂದಿ ಸತ್ತರು. ಓದುವವನ ಮೇಜಿನ ಮೇಲೆ ಧೂಳು ಸುರಿಯಿತು. ಅವನು ಕ್ಷಣಕಾಲ ನಿಂತು, ಧೂಳನ್ನು ಊದಿ, ಮುಂದಿನ ವಾಕ್ಯವನ್ನು ಓದಿದನು. ಕೇಳುತ್ತಿದ್ದವರಿಗೆ ಮಂದವಾದ ಒಂದು ಸದ್ದು ಕೇಳಿಸಿತೇ ಹೊರತು ವಾರ್ತೆಯು ಮುರಿಯಲಿಲ್ಲ.

ವಾರ್ತೆ ಓದುವವರು ತಮ್ಮ ಹೆಸರನ್ನು ಹೇಳತೊಡಗಿದುದು ಅದೇ ವರ್ಷ. ಶತ್ರುವು ಕಳ್ಳಧ್ವನಿಯಿಂದ ಸುಳ್ಳನ್ನು ಹಬ್ಬಿಸಿದರೆ ಜನರು ಮೋಸಹೋಗಬಾರದು, ನಿಜವಾದ ಧ್ವನಿಯು ಯಾರದೆಂದು ಅವರಿಗೆ ಪರಿಚಯವಿರಬೇಕು ಎಂಬುದು ಉದ್ದೇಶ.

ಇದನ್ನು ಓದಿದಾಗಲೆಲ್ಲ ನನಗೆ ನನ್ನ ತಾಯಿಯವರ ನೆನಪು ಬರುವುದು. ಕಡೆಯ ಒಂಬತ್ತು ವರ್ಷ ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ನಡುಮನೆಯ ಗೂಡಿನಲ್ಲಿದ್ದ ರೇಡಿಯೋ ಅವರಿಗೆ ಪಂಚಾಂಗವೂ ಹೌದು, ಪುರಾಣವೂ ಹೌದು. ಒಂದು ಮಳೆಗಾಲದಲ್ಲಿ ಮೇಲಿನ ಅಣೆಕಟ್ಟು ಒಡೆಯಿತೆಂಬ ಗಾಳಿಸುದ್ದಿ ಹಬ್ಬಿ, ಕೇರಿಯವರೆಲ್ಲ ಗಂಟುಮೂಟೆ ಕಟ್ಟತೊಡಗಿದರು. ಮಕ್ಕಳನ್ನು ಕರೆದುಕೊಂಡು ಹೊರಡೋಣವೆಂದು ನಾನೂ ಅವಸರಪಟ್ಟೆನು. ತಾಯಿಯವರು ಕದಲಲಿಲ್ಲ. “ರೇಡಿಯೋದಲ್ಲಿ ಹೇಳಿದರೇನಪ್ಪಾ?” ಎಂದರು. ಪ್ರದೇಶ ಸಮಾಚಾರದ ಹೊತ್ತಿನವರೆಗೆ ಕಾದೆವು. ನದಿಗೆ ಹೆಚ್ಚಿನ ನೀರನ್ನು ಬಿಟ್ಟಿರುವರೆಂದೂ ಕಟ್ಟೆಗೆ ಏನೂ ಆಗಿಲ್ಲವೆಂದೂ ಕೇಳಿಬಂದಿತು. ತಾಯಿಯವರು “ಒಲೆ ಹಚ್ಚಮ್ಮಾ” ಎಂದು ನನ್ನ ಮಡದಿಗೆ ಹೇಳಿದರು. ಕಣ್ಣಿಲ್ಲದ ಮುದುಕಿಯೊಬ್ಬಳು ಆ ರಾತ್ರಿ ಮನೆಯವರನ್ನೆಲ್ಲ ಮಳೆಯಲ್ಲಿ ಅಲೆಯದಂತೆ ಕಾಪಾಡಿದುದು ಈ ಒಂದು ನಂಬಿಕೆಯಿಂದ.

ಆ ನಂಬಿಕೆಗೆ ಆಧಾರವೇನಾಗಿದ್ದಿತು? ಅಮೃತಶಿಲೆಯ ಭವನವೇನೂ ಅಲ್ಲ. ನಮ್ಮ ನಾಡಿನಲ್ಲಿ ೧೯೩೫ರಲ್ಲಿ, ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ಸಣ್ಣದೊಂದು ಯಂತ್ರವನ್ನಿಟ್ಟುಕೊಂಡು ಪ್ರಸಾರವನ್ನು ಆರಂಭಿಸಿದುದು ತಮ್ಮ ವಾಸದ ಮನೆಯಾದ ವಿಠ್ಠಲ ವಿಹಾರದಲ್ಲಿಯೇ. ಆ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಭಾರತದ ಬಾನುಲಿಗೆಲ್ಲ ಹೆಸರಾಯಿತು. ಹಿರಿದೋ ಕಿರಿದೋ, ವಾಣಿಗೆ ಒಂದು ಮನೆಯಿದ್ದಿತು. ತಪ್ಪು ಹೇಳಿದರೆ ಬಾಗಿಲು ತಟ್ಟಿ ಕೇಳಬಹುದಾಗಿದ್ದಿತು. ಪುರಾಣದ ಅಶರೀರವಾಣಿಯನ್ನು ಯಾರೂ ಪ್ರಶ್ನಿಸುವಂತಿಲ್ಲ. ಮನುಷ್ಯರ ಆಕಾಶವಾಣಿಯು ಶರೀರವಿಲ್ಲದೆ ಇರಲಾಗದು. ಭವನದ ಮುಂದೆ ನಿಂತು ಕೇಳಿಕೊಂಡ ಪ್ರಶ್ನೆಗೆ ನನಗೆ ದೊರೆತ ಉತ್ತರವಿಷ್ಟು.

ಈಗ ಮನೆಮನೆಯಲ್ಲಿಯೂ ಅಂಗೈಯಗಲದ ಯಂತ್ರವು ಹಗಲಿರುಳು ಮಾತನಾಡುತ್ತಿದೆ. ಸತ್ತವರ ಧ್ವನಿಯನ್ನೂ ಬದುಕಿರುವವರ ಧ್ವನಿಯನ್ನೂ ಯಂತ್ರವೇ ಅನುಕರಿಸಬಲ್ಲ ಕಾಲವಿದು. ಧ್ವನಿಯ ಪರಿಚಯವೊಂದೇ ಇನ್ನು ಸಾಲದು. ಆದುದರಿಂದ ನಮ್ಮ ಮನೆಯಲ್ಲಿ ಮೊಮ್ಮಕ್ಕಳು ಯಾವುದಾದರೂ ಬೆರಗಿನ ಸುದ್ದಿಯನ್ನು ಹಿಡಿದು ಓಡಿಬಂದರೆ, ನಿಜವೋ ಸುಳ್ಳೋ ಎಂದು ನಾನು ಮೊದಲು ಕೇಳುವುದಿಲ್ಲ. “ಇದು ಯಾವ ಮನೆಯ ಮಾತು?” ಎಂದು ಕೇಳುತ್ತೇನೆ. ಉತ್ತರವು ದೊರೆಯದ ದಿನ ಆ ಸುದ್ದಿಯನ್ನು ಊಟದ ಎಲೆಯ ಮುಂದೆ ತರಬಾರದೆಂದು ನಮ್ಮಲ್ಲಿ ಕಟ್ಟಳೆಯಾಗಿದೆ; ಮಕ್ಕಳು ಗೊಣಗಿದರೂ ಅದನ್ನು ಪಾಲಿಸುತ್ತಿದ್ದಾರೆ.