ಕಡಲಿಗೆ ಹೋಗಲು ಎಷ್ಟು ಚಕ್ರದ ಬಲ ಬೇಕು?

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಕುಶಲೋಪರಿಯೆಲ್ಲ ಮುಗಿದ ಮೇಲೆ, “ಸಾರ್, ರಜೆಗೆ ಮಕ್ಕಳನ್ನ ಕರ್ಕೊಂಡು ಗೋಕರ್ಣದ ಕಡೆ ಹೋಗೋಣ ಅಂತಿದ್ದೀನಿ. ಬೀಚಿಗೆ ಹೋಗೋದಾದ್ರೆ ಫೋರ್ ವೀಲ್ ಡ್ರೈವ್ ಗಾಡಿನೇ ಬೇಕು ಅಂತಾರೆ. ನಿಜಾನಾ ಸಾರ್? ನೀವು ವಿಜ್ಞಾನದ ಮೇಷ್ಟ್ರು, ಹೇಳಿ” ಎಂದ. ಇದೇ ಪ್ರಶ್ನೆ ನಮ್ಮ ಮನೆಯಲ್ಲಿಯೂ ಒಮ್ಮೆ ಎದ್ದಿತ್ತು. ಅವನಿಗೆ ಚುಟುಕಾಗಿ ಉತ್ತರಿಸಿದೆನಾದರೂ, ಆ ಪ್ರಸಂಗವನ್ನು ಪೂರ್ತಿಯಾಗಿ ಬರೆದಿಡಬೇಕೆನಿಸಿತು.

ನನ್ನ ಸೇವಾವಧಿಯಲ್ಲಿ ಶಾಲಾ ಪ್ರವಾಸವೆಂದರೆ ಮಲ್ಪೆ, ಮುರುಡೇಶ್ವರ ಇದ್ದೇ ಇರುತ್ತಿದ್ದವು. ಬಸ್ಸಿನಿಂದ ಇಳಿದೊಡನೆ ಚಪ್ಪಲಿ ಬಿಸುಟು ನೀರಿಗೆ ಓಡುತ್ತಿದ್ದ ನಿಮ್ಮನ್ನು ತಡೆಯಲು ನಾನು ಸೀಟಿ ಊದುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹೀಗೆ ನೂರಾರು ಮಕ್ಕಳಿಗೆ ಸಮುದ್ರ ತೋರಿಸಿದ ನಾನು, ನನ್ನ ಮನೆಯವರಿಗೆ ಅದನ್ನು ತೋರಿಸಿರಲಿಲ್ಲ. ಪ್ರತಿ ವರ್ಷವೂ ಒಂದೊಂದು ಕಾರಣ: ಹಸು ಕರು ಹಾಕಿದೆ, ಅತ್ತೆಗೆ ಹುಷಾರಿಲ್ಲ, ಭತ್ತ ಕೊಯ್ಲಿಗೆ ಬಂದಿದೆ. ಕನ್ನಂಬಾಡಿ ಕಟ್ಟೆಯ ಹಿನ್ನೀರೇ ಆಕೆ ಕಂಡ ಅತಿ ದೊಡ್ಡ ನೀರು. 2019ರಲ್ಲಿ ನಾನು ನಿವೃತ್ತನಾಗುವ ವೇಳೆಗೆ ಆಕೆಯ ಎರಡೂ ಮಂಡಿಗಳು ಸವೆದಿದ್ದವು. ಸಮತಟ್ಟಾದ ನೆಲದಲ್ಲಿ ಕೈಹಿಡಿದು ನಡೆಯಬಲ್ಲಳು. ಮೆಟ್ಟಿಲು, ಕುಸಿಯುವ ಮರಳು ಆಗದು.

ಮಗ ಇದಕ್ಕೊಂದು ಪರಿಹಾರ ಹುಡುಕಿದ. “ಅಪ್ಪ, ಫೋರ್ ವೀಲ್ ಡ್ರೈವ್ ಗಾಡಿ ತಗೊಂಡ್ರೆ ಅವ್ವನ್ನ ನೀರಿನ ತನಕ ಕೂರಿಸ್ಕೊಂಡೇ ಹೋಗ್ಬೋದು” ಎಂದು ಸಾಲದ ಲೆಕ್ಕವನ್ನೂ ಹಾಕಿದ. ಅವನ ಪ್ರೀತಿಯನ್ನು ಅಲ್ಲಗಳೆಯಲು ನನಗೆ ಮನಸ್ಸಾಗಲಿಲ್ಲ. ಮೈಸೂರಿನ ಮಳಿಗೆಗೆ ಹೋಗಿ ಗಾಡಿ ನೋಡಿದೆವು. ನೆಲದಿಂದ ಅದರ ಎತ್ತರ ಕಂಡು ಆಕೆ ಮೆಲ್ಲಗೆ, “ಇದಕ್ಕೆ ಹತ್ತೋಕೆ ಏಣಿನೂ ಕೊಡ್ತಾರಾ?” ಎಂದಳು. ಮಗ ನಕ್ಕನಾದರೂ ಅವನ ಮುಖ ಬಾಡಿತು.

ಅಂದು ರಾತ್ರಿ ನನಗೆ ನಮ್ಮ ತಂದೆಯವರ ಎತ್ತಿನ ಗಾಡಿ ನೆನಪಾಯಿತು. ನಾನಿನ್ನೂ ಹುಡುಗ. ಆಲೆಮನೆಗೆ ಕಬ್ಬು ಸಾಗಿಸುವಾಗ ಕಾಲುವೆ ಪಕ್ಕದ ಕೆಸರಿನಲ್ಲಿ ನಮ್ಮ ಗಾಡಿ ಹೂತುಹೋಯಿತು. ಕಬ್ಬಿಣದ ಪಟ್ಟಿಯ ಮರದ ಚಕ್ರ ಗುಂಬದವರೆಗೂ ಇಳಿದಿತ್ತು. ಇನ್ನೊಂದು ಜೊತೆ ಎತ್ತು ಕಟ್ಟಿ ಎಳೆಸೋಣವೆಂದು ಊರವರೆಂದರು. ತಂದೆಯವರು ಒಪ್ಪದೆ ಅರ್ಧ ಕಬ್ಬನ್ನು ಕೆಳಗಿಳಿಸಿ, ಚಕ್ರದ ಮುಂದೆ ಸೋಗೆ ಹಾಸಿದರು. ನಮ್ಮ ಜೋಡೆತ್ತುಗಳೇ ಗಾಡಿಯನ್ನು ಮೇಲೆ ತಂದವು. ಅಗಲ ರಬ್ಬರ್ ಚಕ್ರದ ಟೈರು ಗಾಡಿಯೊಂದು ಅದೇ ಹಾದಿಯಲ್ಲಿ ಹೂಳದೆ ಸಾಗಿದ್ದನ್ನೂ ಕಂಡೆ.

ಮುಂದೆ ನಾನು ಕಪ್ಪುಹಲಗೆಯ ಮೇಲೆ ವರ್ಷವರ್ಷವೂ ಬರೆದದ್ದು ಇದನ್ನೇ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಶಕ್ತಿ ಹರಿಸುವುದೆಂದರೆ ಇನ್ನೊಂದು ಜೊತೆ ಎತ್ತು ಕಟ್ಟಿದಂತೆ. ಎಳೆಯುವ ಬಲವೇನೋ ನಾಲ್ಕೂ ಕಡೆ ಹಂಚಿಹೋಗುತ್ತದೆ, ಆದರೆ ಗಾಡಿಯ ತೂಕ ಕಡಿಮೆಯಾಗುವುದಿಲ್ಲ, ಮರಳು ಗಟ್ಟಿಯಾಗುವುದಿಲ್ಲ. ಆದ್ದರಿಂದಲೇ ಮರಳಿನಲ್ಲಿ ಪಳಗಿದ ಚಾಲಕರು ಮೊದಲು ಟೈರಿನ ಗಾಳಿಯನ್ನು 30-32 ಪೌಂಡಿನಿಂದ 18-20ಕ್ಕೆ ಇಳಿಸುತ್ತಾರೆ. ಟೈರು ಚಪ್ಪಟೆಯಾಗಿ ಹೆಚ್ಚು ನೆಲವನ್ನು ತಬ್ಬುತ್ತದೆ. ಇಷ್ಟು ತಿಳಿಯದವನ ಗಾಡಿ, ನಾಲ್ಕೂ ಚಕ್ರ ತಿರುಗಿದರೂ, ನಾಲ್ಕು ಗುಂಡಿ ತೋಡಿಕೊಂಡು ಕೂರುತ್ತದೆ.

ಇನ್ನು ನಮ್ಮ ಕರಾವಳಿಯ ಮಾತು. ಗೋಕರ್ಣದ ಓಂ ಬೀಚಿನ ಸಮೀಪದವರೆಗೂ ರಸ್ತೆಯಿದೆ, ಸಾಮಾನ್ಯ ಕಾರು ಸಾಕು. ಅಲ್ಲಿಂದ ಮುಂದೆ ಮೆಟ್ಟಿಲು. ಮರವಂತೆಯಲ್ಲಂತೂ ಹೆದ್ದಾರಿಯೇ ಸೌಪರ್ಣಿಕಾ ನದಿಗೂ ಸಮುದ್ರಕ್ಕೂ ನಡುವೆ ಹಾದುಹೋಗುತ್ತದೆ. ಗೋವೆಯಲ್ಲಿ ಕಡಲತೀರದ ಮೇಲೆ ವಾಹನ ಓಡಿಸುವುದಕ್ಕೆ ನಿಷೇಧವಿದೆ. ಇದಕ್ಕೆ ಕಾರಣಗಳೂ ಇವೆ. ಉತ್ತರ ಕನ್ನಡದ ತೀರಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಚಳಿಗಾಲದಲ್ಲಿ ಬಂದು, ಒಣಮರಳಿನಲ್ಲಿ ಒಂದು-ಒಂದೂವರೆ ಅಡಿ ಆಳಕ್ಕೆ ತೋಡಿ ಮೊಟ್ಟೆಯಿಡುತ್ತವೆ. ಗಾಡಿ ಹರಿದರೆ ಆ ಗೂಡಿನ ಗತಿಯೇನು? ನಮ್ಮ ಸಂತೋಷಕ್ಕಾಗಿ ಇನ್ನೊಂದು ಜೀವದ ಬಾಣಂತಿಕೋಣೆ ತುಳಿಯುವುದು ಸಲ್ಲದು.

ಹಾಗಾದರೆ ಅವ್ವನನ್ನು ನೀರಿನ ಬಳಿಗೆ ಒಯ್ಯುವುದೆಂತು? ಗಾಡಿಯನ್ನು ಬದಲಿಸುವ ಬದಲು ನೆಲವನ್ನು ಬದಲಿಸೋಣವೆಂದೆ. ಕೇರಳದಲ್ಲಿ ಕಣ್ಣೂರಿಗೂ ತಲಶ್ಶೇರಿಗೂ ನಡುವೆ ಮುಳಪ್ಪಿಲಂಗಾಡ್ ಎಂಬ ತೀರವಿದೆ. ಸುಮಾರು 4 ಕಿ.ಮೀ. ಉದ್ದ. ಅಲ್ಲಿನ ನುಣುಪು ಮರಳು ನೀರು ಕುಡಿದು ಕಣಕಣವೂ ಒತ್ತಾಗಿ, ಇಳಿತದ ವೇಳೆ ರಸ್ತೆಯಷ್ಟೇ ಗಟ್ಟಿಯಾಗಿರುತ್ತದೆ. ಸಾಮಾನ್ಯ ಕಾರುಗಳನ್ನೇ ಅಲ್ಲಿ ಓಡಿಸಲು ಬಿಡುತ್ತಿದ್ದರು.

2020ರ ಜನವರಿಯಲ್ಲಿ ನಮ್ಮ ಹಳೆಯ ಸಣ್ಣ ಕಾರಿನಲ್ಲೇ ಹೊರಟೆವು. ಮೈಸೂರು, ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ದಾಟಿ, ಮಾಕುಟ್ಟದ ಘಾಟಿಯಿಳಿದು ಇರಿಟ್ಟಿಯ ಮೇಲೆ ಹೋದೆವು. ರಾತ್ರಿ ಕಣ್ಣೂರಿನಲ್ಲಿ ತಂಗಿ, ಮರುದಿನ ಇಳಿತದ ಸಮಯ ವಿಚಾರಿಸಿಕೊಂಡು ತೀರಕ್ಕೆ ಬಂದೆವು. ಪ್ರವೇಶ ಶುಲ್ಕ ಕೊಟ್ಟು ಮರಳಿಗಿಳಿದಾಗ ಮಗ ಉಸಿರು ಬಿಗಿಹಿಡಿದಿದ್ದ. ಚಕ್ರ ಒಂದಿಷ್ಟೂ ಕುಸಿಯಲಿಲ್ಲ. ಅಲೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸಿದ.

ಆಕೆ ಬಾಗಿಲು ತೆರೆದು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ತಾನೇ ಇಳಿದಳು. ಗಟ್ಟಿ ಮರಳಲ್ಲವೇ, ಕಾಲು ಹೂಳಲಿಲ್ಲ. ಇಪ್ಪತ್ತು ಹೆಜ್ಜೆ ನಡೆದಳು. ಮೊದಲ ಅಲೆ ಪಾದ ತೊಳೆದು ಹಿಂದಿರುಗುವಾಗ ಅಡಿಯ ಮರಳು ಸರಿದು, “ಅಯ್ಯೋ, ಭೂಮಿನೇ ಜಾರ್ತದಲ್ಲ!” ಎಂದು ನಕ್ಕಳು. ಬಹಳ ಹೊತ್ತು ಸುಮ್ಮನೆ ನಿಂತಿದ್ದು, ನನ್ನತ್ತ ತಿರುಗದೆಯೇ ಕೇಳಿದಳು: “ಇಷ್ಟು ವರ್ಷ ಮಕ್ಕಳಿಗೆಲ್ಲ ತೋರಿಸ್ತಿದ್ದದ್ದು ಇದನ್ನೇನಾ?”

ತರಗತಿಯಲ್ಲಿ ಯಾವ ಪ್ರಶ್ನೆಗೂ ತಡವರಿಸದ ನನಗೆ ಆ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ.

ಭರತ ಏರುವ ಮುನ್ನವೇ ಕಾರನ್ನು ಮೇಲಕ್ಕೆ ತಂದು, ಉಪ್ಪು ತುಕ್ಕು ಹಿಡಿಸುವುದೆಂದು ಅಡಿಭಾಗವನ್ನೆಲ್ಲ ಸಿಹಿನೀರಿನಲ್ಲಿ ತೊಳೆಸಿದೆವು. ಎರಡು ತಿಂಗಳಲ್ಲಿ ಕೊರೋನಾ ಬಂದು ಎಲ್ಲರೂ ಮನೆಯೊಳಗಾದೆವು. ಸಾಲ ಮಾಡಿ ಗಾಡಿ ಬರಲೆಂದು ಕಾದಿದ್ದರೆ ಆ ಇಪ್ಪತ್ತು ಹೆಜ್ಜೆಯೂ ತಪ್ಪಿಹೋಗುತ್ತಿತ್ತು.

ಆದ್ದರಿಂದ, ಪ್ರಿಯ ಶಿಷ್ಯನೇ, ಗೋಕರ್ಣಕ್ಕೆ ನಿನ್ನಲ್ಲಿರುವ ಕಾರೇ ಸಾಕು. ಎಲ್ಲಿ ಗಾಡಿ ಬಿಡುತ್ತಾರೆ, ಎಲ್ಲಿ ಬಿಡುವುದಿಲ್ಲ ಎಂಬುದನ್ನು ಹೊರಡುವ ಮುನ್ನ ಸ್ಥಳೀಯರಲ್ಲಿ ವಿಚಾರಿಸು. ಆದರೆ ಅದಕ್ಕೂ ಮೊದಲು, ಮನೆಯಲ್ಲಿ ಇನ್ನೂ ಸಮುದ್ರ ಕಾಣದವರು ಯಾರಿದ್ದಾರೆ, ಅವರು ಎಷ್ಟು ಹೆಜ್ಜೆ ನಡೆಯಬಲ್ಲರು ಎಂದು ಕೇಳಿಕೋ. ಹಿಂದಿನ ಸೀಟಿನಲ್ಲಿ ಅವರಿಗೊಂದು ಜಾಗವಿರಲಿ.